ಹೋರಿಯ ಇಣಿ, ಎಮ್ಮೆಯ ಬೆದೆ



ಬೀಜ ಒಡೆಸಿದ ಹೋರಿ ಕೆಲವು ತಿಂಗಳಲ್ಲಿ ಸಾಧು ಎತ್ತಾಗುವುದನ್ನು ನವಲಗುಂದದ ಎರೆಹೊಲದಲ್ಲಿ ಉಳುವವರಿಗೆ ಹೇಳಬೇಕಾದ್ದಿಲ್ಲ. ಎಳೆಗರುವಿದ್ದಾಗಲೇ ಒಡೆಸಿದರೆ ಇಣಿ, ಕುತ್ತಿಗೆ ಹೋರಿಯಷ್ಟು ತುಂಬುವುದೂ ಇಲ್ಲ. ಒಡೆಸಿದ್ದು ಬೀಜ, ಬದಲಾದದ್ದು ಕುತ್ತಿಗೆ ಮತ್ತು ಗುಣ! ಇದು ಹ್ಯಾಂಗ?

1849ರಲ್ಲಿ ಜರ್ಮನಿಯ ಬರ್ಟ್‌ಹೋಲ್ಡ್ ಎಂಬ ಪಂಡಿತನು ಎಳೆಯ ಹುಂಜಗಳ ಬೀಜ ತೆಗೆದು ನೋಡಿದನು. ಜುಟ್ಟು ಬೆಳೆಯಲಿಲ್ಲ, ಕೂಗೂ ಬರಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಬೇರೆ ಕಡೆಗೆ ಕೂಡಿಸಿದ ಹುಂಜ ಮಾತ್ರ ಹುಂಜವಾಗಿಯೇ ಬೆಳೆಯಿತು. ಅಂದರೆ ಬೀಜದಿಂದ ಒಂದು ರಸ ನೆತ್ತರಿಗಿಳಿದು ಮೈಯೆಲ್ಲ ಸುತ್ತುತ್ತದೆ. ಇಂಥ ರಸಕ್ಕೆ ಹಾರ್ಮೋನು ಎನ್ನುತ್ತಾರೆ. ಗಂಡಿನದು ಟೆಸ್ಟೊಸ್ಟೆರಾನ್, ನಿಮ್ಮ ಹುಡುಗನ ಮೀಸೆ, ಒಡೆದ ದನಿ ಅದರದೇ ಕೆಲಸ. ಹೆಣ್ಣಿನಲ್ಲಿಯೂ ಅದು ತುಸು ಇರುತ್ತದೆ.

ಹೆಣ್ಣಿನ ಮುಖ್ಯ ರಸ ಎರಡು. ಪಾಳಿಯ ಮೇಲೆ ಕೆಲಸ ಮಾಡುತ್ತವೆ. ನಮ್ಮ ಧಾರವಾಡಿ ಎಮ್ಮೆಯನ್ನೇ ತೆಗೆದುಕೊಳ್ಳಿರಿ (2021ರಲ್ಲಿ ಅದು ದೇಶದ ತಳಿಪಟ್ಟಿಗೂ ಸೇರಿತು, ಸಂತೋಷದ ಮಾತು). ಒಳಗೆ ತತ್ತಿ ಬಲಿಯುವಾಗ ಈಸ್ಟ್ರೋಜೆನ್ ಏರಿ ಎಮ್ಮೆ ಬೆದೆಗೆ ಬರುತ್ತದೆ. ತತ್ತಿ ಇಳಿದ ಮೇಲೆ ಪ್ರೊಜೆಸ್ಟರಾನಿನ ಪಾಳಿ. ಗಬ್ಬ ನಿಂತರೆ ಇದು ಹತ್ತು ತಿಂಗಳು, ಈಯುವ ಹೊತ್ತು ಹತ್ತಿರ ಬರುವ ತನಕ, ಕರುವಿಗೆ ಕಾವಲಿರುತ್ತದೆ. ನಿಲ್ಲದಿದ್ದರೆ ಇಳಿದುಹೋಗಿ, ಸುಮಾರು 21 ದಿನಕ್ಕೆ ಮತ್ತೆ ಬೆದೆ.

ಆದರೆ ಆಕಳಿನಂತೆ ಎಮ್ಮೆ ಗದ್ದಲ ಮಾಡುವುದು ಕಡಿಮೆ. ಬ್ಯಾಸಿಗಿಯಲ್ಲಂತೂ ಬೆದೆ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ರಾತ್ರಿ ಬಂದು ಬೆಳಗಾಗುವುದರೊಳಗೆ ಇಳಿದಿರುತ್ತದೆ. ತಿಳಿಯಾದ ಲೋಳೆ, ಮೇಲಿಂದ ಮೇಲೆ ಉಚ್ಚೆ, ಅವತ್ತಿನ ಹಾಲು ತುಸು ಕಡಿಮೆ, ಇವೇ ಗುರುತು. ಇದನ್ನು ಮೊದಲು ಕಾಣುವವರು ಹಿಂಡುವ ತಾಯಂದಿರು. ಗಂಡಸರು ಅವರ ಮಾತು ಕಿವಿಗೆ ಹಾಕಿಕೊಂಡರೆ ಎಷ್ಟೋ ಎಮ್ಮೆ ‘ಗೊಡ್ಡು’ ಎನ್ನಿಸಿಕೊಂಡು ಸಂತೆಗೆ ಹೋಗುವುದು ತಪ್ಪೀತು. ಮುಂಜಾನೆ ಗುರುತು ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಕೃತಕ ಗರ್ಭಧಾರಣೆ ಮಾಡಿಸಿರಿ, ಇಲ್ಲವೇ ಕೋಣನ ಹತ್ತಿರ ಒಯ್ಯಿರಿ.

ಬೆದೆ ತರಿಸುವ ಸೂಜಿಮದ್ದೂ ಇದೆಯಲ್ಲ, ಎಂದು ಕೇಳುವಿರಿ. ಇದೆ. ಅಂಥ ಕೆಲವು ಮದ್ದು ಪ್ರೊಜೆಸ್ಟರಾನಿನ ಕಾವಲನ್ನೇ ಕೀಳುತ್ತವೆ. ನಿಮಗೆ ಗೊತ್ತಿಲ್ಲದೆ ಎಮ್ಮೆ ಗಬ್ಬವಾಗಿದ್ದರೆ ಕಂದು ಹಾಕೀತು. ದನದ ದವಾಖಾನೆಯ ಡಾಕ್ಟರು ಪರೀಕ್ಷೆ ಮಾಡಿ, ಗಬ್ಬವಿಲ್ಲ ಎಂದ ಮೇಲೆಯೇ ಚುಚ್ಚಿಸಿರಿ. ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ಚುಚ್ಚಿಸಬ್ಯಾಡ್ರಿ.