ರಾತ್ರಿಯೂಟದಲ್ಲಿ ತರಕಾರಿಯ ಪಾಲೆಷ್ಟು?

"ನಮ್ಮ ಮನೆಯಲ್ಲಿ ದಿನವೂ ತರಕಾರಿ ಮಾಡುತ್ತೇವೆ" ಎನ್ನುವವರೇ ಹೆಚ್ಚು. ಮಾತು ಸುಳ್ಳಲ್ಲ. ಆದರೆ ಊಟಕ್ಕೆ ಕುಳಿತ ಒಬ್ಬೊಬ್ಬರ ಪಾಲಿಗೂ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕುವವರು ಕಡಿಮೆ. ನಾಲ್ಕು ಜನಕ್ಕೆ ಕಾಲು ಕಿಲೋ ಹುರುಳಿಕಾಯಿ ಹಾಕಿ ಹುಳಿ ಮಾಡಿದರೆ ತಲೆಗೆ ಸಿಗುವುದು ಸುಮಾರು 60 ಗ್ರಾಂ ಮಾತ್ರ. ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಲೂಗೆಡ್ಡೆ ಈ ಲೆಕ್ಕಕ್ಕೆ ಸೇರುವುದಿಲ್ಲ.

ಬೆಂಗಳೂರಿನ ದೊಡ್ಡನೆಕ್ಕುಂದಿಯಂಥ ಕೈಗಾರಿಕಾ ಪ್ರದೇಶದ ಸಂಸಾರಗಳಿಗೆ ಇದು ಇನ್ನೂ ಕಷ್ಟ. ಪಾಳಿ ಕೆಲಸ ಮುಗಿಸಿ ತಡವಾಗಿ ಮನೆಗೆ ಬಂದವರಿಗೆ ಸೊಪ್ಪು ಸೋಸುವ ವ್ಯವಧಾನ ಎಲ್ಲಿಂದ ಬರಬೇಕು? ಅನ್ನ, ತಿಳಿಸಾರು, ಉಪ್ಪಿನಕಾಯಿಯಲ್ಲಿ ಊಟ ಮುಗಿಯುತ್ತದೆ. ಸೊಪ್ಪು-ತರಕಾರಿ ಬೆಳೆಯುವ ಹೊಸಕೋಟೆ, ಮಾಲೂರು, ಕೋಲಾರದ ಸೀಮೆ ಇಲ್ಲಿಂದ ದೂರವೇನಿಲ್ಲ. ಆದರೂ ಅಲ್ಲಿನ ಬೆಳೆ ತಟ್ಟೆಗೆ ಬರುವುದು ಕಡಿಮೆ.

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ಅಡುಗೆಯಲ್ಲೇ ಇದೆ. ಈ ಸೀಮೆಯ ಬಸ್ಸಾರನ್ನೇ ನೋಡಿ. ಸೊಪ್ಪು-ಕಾಳು ಬೇಯಿಸಿ ಬಸಿದ ನೀರು ಸಾರಾಗುತ್ತದೆ. ಬಸಿದು ಉಳಿದದ್ದು ಪಲ್ಯವಾಗುತ್ತದೆ. ನೀರಿಗೆ ಇಳಿದ ಸತ್ವ ಚೆಲ್ಲಿಹೋಗುವುದಿಲ್ಲ. ಒಂದೇ ಒಲೆಯ ಕೆಲಸದಲ್ಲಿ ಎರಡು ಪದಾರ್ಥ ಸಿದ್ಧ. ಮುದ್ದೆಗೂ ಸೈ, ಅನ್ನಕ್ಕೂ ಸೈ. ಸಾರಿನಲ್ಲಿ ನಾಲ್ಕು ಹೋಳು ತೇಲುವುದಕ್ಕಿಂತ ತಟ್ಟೆಯಲ್ಲಿ ಒಂದು ಹಿಡಿ ಪಲ್ಯ ಇರುವುದೇ ಮುಖ್ಯ.

ಸಮಯ ಉಳಿಸಲು ಬಿಡುವಿನ ಹೊತ್ತಿನಲ್ಲಿ ಸೊಪ್ಪು ಸೋಸಿ, ತೊಳೆಯದೆ, ಹೆಚ್ಚದೆ, ಬಟ್ಟೆಯಲ್ಲಿ ಸುತ್ತಿಡಿ. ಅಡುಗೆಗೆ ಮುಂಚೆ ಮೊದಲು ತೊಳೆದು, ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸಿ ಜೀವಸತ್ವ ನೀರಿನ ಪಾಲಾಗುತ್ತದೆ. ಒಲೆ ಹಚ್ಚಲೂ ಆಗದ ದಿನ ಸೌತೆಕಾಯಿ, ಕ್ಯಾರೆಟ್ ತುರಿದು ನೆನೆದ ಹೆಸರುಬೇಳೆ ಬೆರೆಸಿದರೆ ಕೋಸಂಬರಿ ಆಯಿತು.

ಇದು ಬರೀ ರುಚಿಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಜೊತೆಗೆ ಸಿ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ. ಆದ್ದರಿಂದ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಊಟದ ಜೊತೆ ಒಂದು ಸೀಬೆಹಣ್ಣು ಹಂಚಿಕೊಳ್ಳಿ; ಅದರಲ್ಲಿ ಕಿತ್ತಳೆಗಿಂತಲೂ ಹೆಚ್ಚು ಸಿ ಜೀವಸತ್ವವಿದೆ. ದುಬಾರಿ ಸೇಬೇ ಬೇಕೆಂದಿಲ್ಲ; ಪಪ್ಪಾಯಿ, ಬಾಳೆ, ಆಯಾ ಕಾಲದ ಹಣ್ಣು ಸಾಕು. ಊಟದ ಬೆನ್ನಿಗೇ ಕಾಫಿ, ಟೀ ಬೇಡ. ಅವು ಕಬ್ಬಿಣದ ಹೀರಿಕೆಗೆ ಅಡ್ಡಿ.

ಮಕ್ಕಳು ಬೇಡವೆಂದರೆ ಗದರಬೇಡಿ. ಹೊಸ ರುಚಿ ಒಗ್ಗಲು ಎಂಟು-ಹತ್ತು ಸಲವಾದರೂ ಬೇಕಾಗಬಹುದು. ಪ್ರತಿ ಸಲ ಒಂದು ಚಮಚ ಬಡಿಸಿ, ತಿನ್ನಲೇಬೇಕೆಂಬ ಹಟ ಬಿಡಿ. ಅಪ್ಪನೇ ಪಲ್ಯ ಪಕ್ಕಕ್ಕೆ ಸರಿಸಿದರೆ ಮಗು ತಿಂದೀತೇ? ಮನೆಯ ಹೆಂಗಸರೂ ತಳದಲ್ಲಿ ಉಳಿದದ್ದಕ್ಕೆ ತೃಪ್ತರಾಗದೆ ಎಲ್ಲರೊಡನೆ ಕುಳಿತು ಸಮಪಾಲು ಬಡಿಸಿಕೊಳ್ಳಬೇಕು. ರಕ್ತಹೀನತೆಯ ಭಾರ ಹೆಚ್ಚಾಗಿ ಹೊರುತ್ತಿರುವವರು ಅವರೇ.

ಇಂದು ರಾತ್ರಿಯಿಂದಲೇ ಪಲ್ಯವನ್ನು ಮೊದಲು ಬಡಿಸಿ, ಅನ್ನ ಆಮೇಲೆ ಬರಲಿ. ಇದಕ್ಕೆ ಖರ್ಚೇನೂ ಇಲ್ಲ.