ಮಾವಿನ ಸೋರ್ಬೆ ಕಲ್ಲಾಗೋದು ಯಾಕೆ?

ಹೋದ ಬೇಸಿಗೇಲಿ, ಸಕ್ಕರೆ ಬೇಡ ಅಂತ ಬರೀ ಬಾದಾಮಿ ಮಾವಿನ ತಿರುಳನ್ನೇ ಫ್ರೀಜರ್‌ನಲ್ಲಿಟ್ಟಿದ್ದೆ. ಕಲ್ಲಾಗಿಬಿಟ್ಟಿತ್ತು, ಚಮಚವೇ ಬಾಗಿತು! ಹಲ್ಲಿಲ್ಲದ ಅಜ್ಜಿ ಬಟ್ಟಲು ಹಿಡಿದು ಕಾದಿದ್ದೇ ಬಂತು.

ಸಕ್ಕರೆ ಬರೀ ಸಿಹಿಗಲ್ಲ. ಅದು ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ಇಳಿಸುತ್ತೆ. ಹಾಗಾಗಿ ಮೈನಸ್ 18 ಡಿಗ್ರಿಯಲ್ಲೂ ಸ್ವಲ್ಪ ನೀರು ಪಾಕವಾಗಿಯೇ ಉಳಿಯುತ್ತೆ. ಸೋರ್ಬೆ ಮೆತ್ತಗಿರೋದು ಅದರಿಂದಲೇ.

ಈ ವರ್ಷ 100 ಗ್ರಾಂ ಸಕ್ಕರೆಯನ್ನು 100 ಎಂಎಲ್ ನೀರಲ್ಲಿ ಕರಗಿಸಿ, ಆರಿಸಿ, ಅರ್ಧ ಕೆಜಿ ತಿರುಳಿಗೆ ಬೆರೆಸಿದೆ. ಜೊತೆಗೆ ಒಂದಿಷ್ಟು ನಿಂಬೆರಸ. ಅರ್ಧ ಗಂಟೆಗೊಮ್ಮೆ, 4 ಸಲ ಫೋರ್ಕಿನಿಂದ ಕೆದಕಿದೆ. ಹಾಗೆ ಮಾಡಿದ್ರೆ ಐಸ್ ಹರಳು ದೊಡ್ಡದಾಗಲ್ಲ. ಬಡಿಸೋಕೆ 10 ನಿಮಿಷ ಮುಂಚೆ ಹೊರಗಿಟ್ಟೆ.

ಅಜ್ಜಿ ಇನ್ನೊಂದು ಬಟ್ಟಲು ಕೇಳಿದ್ರು.