ಕೇಳಿದಾಗ ಕೊಡತಕ್ಕ ಹಣ

ಮಿರುಗದ ಮಳೆಯ ವೇಳೆಗೆ ತೊಗರಿ, ಉದ್ದು, ಹೆಸರುಗಳ ಬಿತ್ತನೆಗೆಂದು ಹುಮನಾಬಾದಿನ ಅಡತಿ ಅಂಗಡಿಯಲ್ಲಾಗಲಿ ಬಸವಕಲ್ಯಾಣದ ಪೇಟೆಯಲ್ಲಾಗಲಿ ಕೈಗಡ ಪಡೆದವನು ರೆವಿನ್ಯೂ ಸ್ಟಾಂಪಿನ ಮೇಲೆ ಸಹಿಮಾಡಿ ಕೊಡುವ ‘ಪ್ರೋನೋಟು’, ಗಾತ್ರದಲ್ಲಿ ಅಲ್ಪವಾದರೂ ಬಾಧ್ಯತೆಯಲ್ಲಿ ಗುರುತರವಾದುದು. ಖಚಿತವಾದ ಮೊಬಲಗನ್ನು ಯಾವ ಷರತ್ತೂ ಇಲ್ಲದೆ ಕೊಡುವೆನೆಂಬ ಲಿಖಿತ ವಚನವೂ ಬರೆದುಕೊಟ್ಟವನ ಸಹಿಯೂ ಇದಕ್ಕೆ ಅವಶ್ಯವೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 4ನೆಯ ಕಲಮು ವಿಧಿಸುತ್ತದೆ. ಹಣ ಸಲ್ಲಿಸುವ ಅವಧಿಯನ್ನು ಬರೆಯದಿದ್ದರೆ, 19ನೆಯ ಕಲಮಿನಂತೆ, ಅದು ಕೇಳಿದಾಗ ಕೊಡತಕ್ಕ ನೋಟೇ ಆಗುತ್ತದೆ. ನಮ್ಮ ಜೇಬಿನ ನೂರು ರೂಪಾಯಿಯ ನೋಟೂ ರಿಸರ್ವ್ ಬ್ಯಾಂಕಿನ ಗವರ್ನರರ ವಚನವನ್ನು ಹೊತ್ತುದೇ. ಆದರೆ ಹಿಡಿದು ತಂದವರಿಗೆಲ್ಲ ಕೇಳಿದಾಗ ಕೊಡುವೆನೆಂಬ ಪತ್ರವನ್ನು ಬರೆಯಲು ಖಾಸಗಿಯವರಿಗೆ ಅಧಿಕಾರವಿಲ್ಲ.

ಕೇಳುವವರೆಗೆ ಸಾಲಕ್ಕೆ ವಾಯಿದೆ ಹುಟ್ಟದು, ಆದುದರಿಂದ ಎಷ್ಟು ವರ್ಷ ಸುಮ್ಮನಿದ್ದರೂ ಬಾಧಕವಿಲ್ಲ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಇದರಷ್ಟು ಹಾನಿಕರವಾದ ತಪ್ಪುಗ್ರಹಿಕೆ ಈ ವ್ಯವಹಾರದಲ್ಲಿ ಮತ್ತೊಂದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಈ ಹಣ ಬರೆದ ದಿನವೇ ಸಲ್ಲತಕ್ಕದ್ದು. ಅವಧಿಯನ್ನು ಮುಂದೂಡುವ ಬೇರೆ ಬರಹ ಜೊತೆಗಿಲ್ಲದಿದ್ದರೆ, 1963ರ ಕಾಲಮಿತಿ ಕಾಯಿದೆಯ 35ನೆಯ ಅನುಚ್ಛೇದದಂತೆ, ದಾವೆಯ ಮೂರು ವರ್ಷಗಳು ನೋಟಿನ ತಾರೀಖಿನಿಂದಲೇ ಎಣಿಕೆಯಾಗುತ್ತವೆ. 2022ರ ಜೂನ್ 10ರಂದು ರೈತನೊಬ್ಬನು ಐವತ್ತು ಸಾವಿರ ರೂಪಾಯಿಗೆ ನೋಟು ಬರೆದುಕೊಟ್ಟನೆಂದುಕೊಳ್ಳೋಣ. “ತೊಗರಿ ಬಂದ ಮ್ಯಾಲ ಕೊಡ್ತೀನ್ರೀ ಸಾವ್ಕಾರ್ರ” ಎಂಬ ಬಾಯಿಮಾತನ್ನು ನಂಬಿ ಸಾಹುಕಾರನು 2024ರ ಕೊನೆಯಲ್ಲಿ ಮೊದಲ ಬಾರಿಗೆ ಕೇಳಿದರೂ, ದಾವೆ ಹೂಡಲು ಅವನಿಗಿರುವ ಕೊನೆಯ ದಿನ 2025ರ ಜೂನ್ 10. ಅಷ್ಟರೊಳಗೆ ಸಾಲಗಾರನು ಅಲ್ಪಸ್ವಲ್ಪ ಹಣ ಕೊಟ್ಟು, ನೋಟಿನ ಬೆನ್ನಿನ ಮೇಲೆ ತಾರೀಖು ಸಹಿತ ತಾನೇ ಜಮಾ ಬರೆದು ಸಹಿಮಾಡಿದರೆ, ಆ ಪಾವತಿಯ ದಿನದಿಂದ ಹೊಸ ಮೂರು ವರ್ಷಗಳು ಆರಂಭವಾಗುತ್ತವೆ.

ಸಾಲಗಾರನ ಅಪಾಯ ಇನ್ನೂ ದೊಡ್ಡದು. ಸ್ಟಾಂಪು ಹಚ್ಚಿದ ಖಾಲಿ ಕಾಗದಕ್ಕೆ ಸಹಿಮಾಡಿ ಕೊಟ್ಟವನು, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 20ನೆಯ ಕಲಮಿನಂತೆ, ಆ ಸ್ಟಾಂಪು ಸಾಲುವಷ್ಟು ಮೊಬಲಗನ್ನು ತುಂಬಿಕೊಳ್ಳುವ ಅಧಿಕಾರವನ್ನೇ ಕೊಟ್ಟಂತಾಗುತ್ತದೆ. ಸಾವಿರ ರೂಪಾಯಿಗೆ ಮೀರಿದ ಎಷ್ಟೇ ದೊಡ್ಡ ಮೊತ್ತಕ್ಕಾದರೂ ಇಂತಹ ನೋಟಿನ ಸ್ಟಾಂಪು ಶುಲ್ಕ ಹದಿನೈದು ಪೈಸೆ ಮಾತ್ರವಾದುದರಿಂದ, ಅಂಟಿಸುವ ಒಂದು ರೂಪಾಯಿಯ ಸ್ಟಾಂಪು ಲಕ್ಷಕ್ಕೂ ಸಾಕು. ಸಹಿಯು ರುಜುವಾತಾದ ಬಳಿಕ ಹಣ ಮುಟ್ಟಿಯೇ ಇದೆಯೆಂದು 118ನೆಯ ಕಲಮಿನಂತೆ ನ್ಯಾಯಾಲಯವು ಭಾವಿಸುವುದರಿಂದ, ಮುಟ್ಟಿಲ್ಲವೆಂದು ತೋರಿಸುವ ಹೊಣೆ ಬಡವನ ಹೆಗಲಿಗೇ ಬೀಳುತ್ತದೆ. ಮೊಬಲಗನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ತುಂಬಿಸಿ, ಓದಿಸಿ ಕೇಳಿದ ಮೇಲೆಯೇ ಸಹಿಮಾಡಬೇಕು. ಸಾಲ ಪೂರ್ತಿ ತೀರಿಸಿದ ದಿನ, 81ನೆಯ ಕಲಮು ಕೊಟ್ಟಿರುವ ಹಕ್ಕಿನಂತೆ, ಮೂಲ ನೋಟನ್ನೇ ಕೇಳಿ ಹಿಂದಕ್ಕೆ ಪಡೆಯಬೇಕು.